ಬಾಗಿಲು ತೆಗೆದ ದುರ್ಗವ್ವ

ಗೋಡೆಗೆ ಬೈಯದೆ ದುರ್ಗವ್ವ ಸುತ್ತಿಗೆ ಎತ್ತಿದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಉಳಿದಂತೆ ಅವಳ ಕ್ರಮ ತಪ್ಪುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಅಂಗೈಗೆ ಉಗಿದುಕೊಂಡು, ಗೋಡೆಯ ಎದುರು ಕಾಲು ಅಗಲಿಸಿ ನಿಲ್ಲುವಳು. ಆಮೇಲೆ ಆ ಗೋಡೆಗೊಂದು ಹೆಸರಿಡುವಳು. ಬೆಳಿಗ್ಗೆ ನಲ್ಲಿಯ ಹತ್ತಿರ ಯಾರು ಜಗಳ ತೆಗೆದಿದ್ದರೋ, ಕೂಲಿ ಹಂಚುವ ಯಾವ ಮುಕಾದಮ ಕೈ ಹಿಡಿಯಲು ನೋಡಿದ್ದನೋ, ಲೋಕಲ್ ರೈಲಿನಲ್ಲಿ ಯಾರು ಕಾಲು ತುಳಿದಿದ್ದರೋ, ಅವರ ಹೆಸರು. "ಬಾರಲೇ ಭಾಡ್ಯಾ, ಇವತ್ತ ನಿನ್ನ ಹಲ್ಲ ಉದರಸ್ತೀನಿ" ಎಂದು ಮೊದಲ ಏಟು ಹಾಕಿದರೆ ಕೆಳಗಿನ ಮಹಡಿಯವರ ಪಾತ್ರೆಗಳು ಅದುರುತ್ತಿದ್ದವು.

ಮುಂಬಯಿಯ ಕಾಂದಿವಲಿಯ ನಮ್ಮ ಹಳೆಯ ಬಿಲ್ಡಿಂಗಿನ ಫ್ಲ್ಯಾಟಿಗೆ ಅವಳು ಬಂದದ್ದು ಬಚ್ಚಲುಮನೆ ಒಡೆಯಲು. ವಿಜಾಪುರದ ಕಡೆಯ ಹೆಂಗಸು. ಗೋಡೆ ಒಡೆಯುವ ಕೆಲಸದಲ್ಲಿ ಗಂಡಸರು ಹೊಡೆಯುವುದು, ಹೆಂಗಸರು ಒಡೆದದ್ದನ್ನು ಬುಟ್ಟಿಯಲ್ಲಿ ಹೊರುವುದು ರೂಢಿ. ಇವರಲ್ಲಿ ತಲೆಕೆಳಗು. ದುರ್ಗವ್ವ ಹೊಡೆಯುತ್ತಿದ್ದಳು, ಅವಳ ಗಂಡ, ಬಡಪಾಯಿ, ಬುಟ್ಟಿ ಹೊತ್ತು ನಾಲ್ಕು ಮಹಡಿ ಇಳಿಯುತ್ತಿದ್ದ. ಏಕೆ ಹೀಗೆ ಎಂದು ನಾನು ಕೇಳಿದ್ದಕ್ಕೆ, "ಅಂವಗ ಸಿಟ್ಟ ಬರಂಗಿಲ್ರಿ ಅಕ್ಕಾರ, ಅಂವೇನ್ ಹೊಡೀತಾನ" ಎಂದಿದ್ದಳು.

ನಾನು ಮೈಸೂರಿನಲ್ಲಿ ಹುಟ್ಟಿ ಬೆಳೆದವಳು. ಮುಂಬಯಿಗೆ ಬಂದು ಕೂದಲು ನೆರೆತರೂ ನನ್ನ ಕನ್ನಡ ಮೈಸೂರಿನದೇ. ಅದರಿಂದಲೇ ಒಂದು ದಿನ ಎಡವಟ್ಟಾಯಿತು. ಮಧ್ಯಾಹ್ನ ಆಫೀಸಿನಿಂದ ಅವಳಿಗೆ ಫೋನ್ ಮಾಡಿ, "ದುರ್ಗವ್ವ, ಮನೆಯೆಲ್ಲ ಧೂಳಾಗಿರುತ್ತೆ, ಮುಂಬಾಗಿಲು ತೆಗೆದಿಡಿ, ಸ್ವಲ್ಪ ಗಾಳಿ ಆಡಲಿ" ಎಂದೆ. ಸಂಜೆ ಬಂದು ನೋಡಿದರೆ ನಮ್ಮ ಮನೆಗೆ ಬಾಗಿಲೇ ಇಲ್ಲ. ಕೀಲು ಕಳಚಿ, ಇಡೀ ಬಾಗಿಲನ್ನು ಲಿಫ್ಟಿನ ಪಕ್ಕಕ್ಕೆ ಒರಗಿಸಿಟ್ಟಿದ್ದಳು.

"ಏನ್ರೀ ಇದು, ಬಾಗಿಲು ತೆಗೀರಿ ಅಂದರೆ ಕಿತ್ತೇ ಇಡೋದಾ?" ಎಂದು ನಾನು ಕೂಗಾಡಿದೆ.

"ಮತ್ತ? ನಮ್ಮ ಕೆಲಸದಾಗ ತಗಿ ಅಂದ್ರ ಕಿತ್ತ ಇಡೂದು, ಹೊಡಿ ಅಂದ್ರ ಹೊಡಿಯೂದು. ನೀವು ಹೊಡಿ ಅಂದಿಲ್ಲಲ್ಲ, ಪುಣ್ಯಾ ಅನ್ರಿ."

ನಮ್ಮ ಯಜಮಾನರು ಸಿಮೆಂಟ್ ಚೀಲದ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಲೇ ಎದ್ದು ಅವಳಿಗೂ ಅವಳ ಗಂಡನಿಗೂ ಚಹಾ ಮಾಡಿ ಕೊಟ್ಟರು. ಅವತ್ತಿನಿಂದ ದಿನಾ ಸಂಜೆ ಬೆಲ್ ಒತ್ತಿ, "ಬಾಗಿಲು ತೆಗಿಯೇ, ದುರ್ಗವ್ವನ ಥರ ಅಲ್ಲ, ನಿನ್ನ ಥರ" ಎಂದು ಕೂಗುವುದು ಇವರ ಚಾಳಿಯಾಯಿತು. ಅಕ್ಕಪಕ್ಕದವರಿಗೆ ಕನ್ನಡ ಬಾರದಿದ್ದದ್ದು ನನ್ನ ಮರ್ಯಾದೆಗೆ ಒಳ್ಳೆಯದೇ ಆಗಿತ್ತು.

ಬಚ್ಚಲು ಮುಗಿದ ಮೇಲೆ ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ತೆಗೆಸಬೇಕೆಂದು ಇವರಿಗೆ ಹುಕಿ ಬಂತು. "ನೀನು ಒಳಗೆ ಒಬ್ಬಳೇ ಗೊಣಗಿಕೊಳ್ತಿರ್ತೀಯ, ನನಗೂ ಕೇಳಿಸಲಿ" ಎಂದರು. ದುರ್ಗವ್ವ ಗೋಡೆಯನ್ನು ಅರ್ಧ ಒಡೆದಿದ್ದಳು, ಅಷ್ಟರಲ್ಲಿ ರೋಗ ಬಂತು, ಲಾಕ್‌ಡೌನ್ ಆಯಿತು. ಇಟ್ಟಿಗೆಗಳು ಹೊರಗೆ ಚಾಚಿಕೊಂಡಿದ್ದ ಆ ಅರ್ಧ ಗೋಡೆಗೆ ನಾನು ಹಳೆಯ ಹೊದಿಕೆ ನೇತುಹಾಕಿದೆ.

ಊರಿಗೆ ಹೋಗುವ ರೈಲು ಬಿಡುತ್ತಾರಂತೆ ಎಂಬ ಸುದ್ದಿ ಕೇಳಿ ದುರ್ಗವ್ವನೂ ಅವಳ ಗಂಡನೂ ಸ್ಟೇಷನ್ನಿಗೆ ಹೋಗಿದ್ದರಂತೆ. ಇದನ್ನು ಅವಳು ನಮಗೆ ಹೇಳಿದ್ದು ತಿಂಗಳುಗಳ ನಂತರ, ಓಡಾಟ ಮತ್ತೆ ಶುರುವಾದಾಗ, ನಮ್ಮ ಹಾಲಿನ ನೆಲದ ಮೇಲೆ ಕುಳಿತು. "ಮಂದಿ ಅಂದ್ರ ಮಂದಿ. ಗೇಟ್ ಮುಚ್ಚಿದ್ರು, ಲಾಠಿ ಬೀಸಿದ್ರು. ನನಗ ಬೀಳೂ ಏಟಿಗೆ ಅಂವಾ ಅಡ್ಡ ಬಂದ. ಬಿದ್ದ. ಅಂವನ ಮ್ಯಾಲೆ ಮಂದಿ ಓಡ್ಯಾಡಿದ್ರು. ನಾ ಒಬ್ಬನ ಕೈ ಕಚ್ಚಿ ರಕ್ತಾ ತಗದೀನಿ, ಅಂವಾ ಪೊಲೀಸಾಂವನೋ ನಮ್ಮಾಂವನೋ ಇವತ್ತಿಗೂ ತಿಳಿದಿಲ್ಲ." ಗಂಡನ ಎದೆಗೂಡು ಒಳಗೇ ಮುರಿದಿತ್ತು. ಗುಡ್ಡದ ಮೇಲಿನ ತಮ್ಮ ಜೋಪಡಿಯಲ್ಲಿ ಮಳೆಗಾಲದ ತನಕ ಜೀವ ಹಿಡಿದಿದ್ದು, ಆಮೇಲೆ ಹೋಗಿಬಿಟ್ಟ.

"ಯಾರೂ ಮಾತಾಡಸಾಕ ಬರಲಿಲ್ರಿ" ಎಂದಳು.

"ಹೆದರಿಕೆ ದುರ್ಗವ್ವ, ಎಲ್ಲರಿಗೂ ಜೀವಭಯ. ಫೋನಿನಲ್ಲಾದರೂ ಮಾತಾಡಬಹುದಿತ್ತು" ಎಂದೆ.

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಅದ ಮಾತಾಡೂದಲ್ರಿ ಅಕ್ಕಾರ. ಸತ್ತ ಮನಿಗೆ ಹೋಗಿ, ಕೊರಳಿಗೆ ಬಿದ್ದು, ಸತ್ತಾಂವನ ಹಾಡ್ಯಾಡಿ ಅತ್ತು, ಉಳದಾಕಿಗೆ ಎರಡ ತುತ್ತ ಉಣಿಸಿ ಬರೂದು. ಅದು ಮಾತಾಡಸೂದು. ಹಂಗ ಮಾಡಿದ್ರ ಸತ್ತಾಂವ ಸತ್ತ ಅನಸ್ತೈತಿ. ಇಲ್ಲಂದ್ರ ಎಲ್ಲೋ ಹೋಗ್ಯಾನ, ಈಗ ಬರ್ತಾನ ಅಂತ ಬಾಗಲಾ ನೋಡಕೋತ ಕುಂದ್ರೂದ ಆಗತೈತಿ."

"ಮತ್ತೆ ನೀವೇನು ಮಾಡಿದಿರಿ?" ಎಂದು ಇವರು ಕೇಳಿದರು.

"ಗ್ವಾಡಿ ಸಿಕ್ಕಿತ್ರಿ ಒಂದು, ಗೋರೆಗಾಂವ್‌ದಾಗ. ಅಂವನ ಹೆಸರ ಹಿಡದು ಹೊಡದೆ. ಬದಕಿದ್ದಾಗ ಒಮ್ಮಿನೂ ಅಂವನ ಹೆಸರ ತಗೊಂಡಿದ್ದಿಲ್ಲ, ಗಂಡನ ಹೆಸರ ಹ್ಯಾಂಗ ತಗೋತಾರ. ಅವತ್ತ ಸಂಜಿತನಾ ತಗೊಂಡೆ. ಗ್ವಾಡಿ ಬಿತ್ತು. ಮನಿಗೆ ಹೋಗಿ ರೊಟ್ಟಿ ತಿಂದೆ."

ಇವರು ಎದ್ದು ಹೋಗಿ ಇನ್ನೊಂದು ಲೋಟ ಚಹಾ ತಂದಿಟ್ಟರು. ಬಿಲ್ಡಿಂಗಿನ ಸೊಸೈಟಿಯವರು ರಿಪೇರಿ ಕೆಲಸಕ್ಕೆ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. "ಆ ಗೋಡೆ ಹಾಗೇ ಇರಲಿ, ದುರ್ಗವ್ವನೇ ಬಂದು ಮುಗಿಸಲಿ" ಎಂದು ಇವರು ಹಟ ಹಿಡಿದರು. ಅದು ಮುಗಿಯುವುದನ್ನು ಇವರು ನೋಡಲಿಲ್ಲ.

ಎರಡನೇ ಅಲೆಯಲ್ಲಿ ಇಬ್ಬರಿಗೂ ರೋಗ ಅಂಟಿತು. ಆಂಬುಲೆನ್ಸಿನಲ್ಲಿ ಕುಳಿತು ಇವರು ನನಗೆ ಕೈ ಎತ್ತಿದರಲ್ಲ, ಅದೇ ಕೊನೆ. ಹಾಸಿಗೆ ಸಿಕ್ಕಿತು, ಆಕ್ಸಿಜನ್ ಸಿಗಲಿಲ್ಲ, ಸಿಕ್ಕಾಗ ಇವರಿರಲಿಲ್ಲ. ಮುಖ ನೋಡಲಿಲ್ಲ, ಬೂದಿ ನೋಡಲಿಲ್ಲ. ಯಾರೋ ಫೋನಿನಲ್ಲಿ ಹಿಂದಿಯಲ್ಲಿ ಹೇಳಿದರು, ನಾನು "ಅಚ್ಛಾ" ಎಂದೆ. ಗಂಡ ಸತ್ತ ಸುದ್ದಿಗೆ ನಾನು ಆಡಿದ ಮಾತು ಅದು.

ನನ್ನ ಜ್ವರ ಬಿಟ್ಟಿತು, ರೋಗವಿದೆ ಎಂದು ಬಾಗಿಲ ಮೇಲೆ ಅಂಟಿಸಿದ್ದ ಕೆಂಪು ಕಾಗದವನ್ನೂ ತೆಗೆದರು. ನಾನು ಬಾಗಿಲು ತೆಗೆಯಲಿಲ್ಲ. ಬೆಲ್ಲಿನ ತಂತಿ ಕಿತ್ತುಹಾಕಿದೆ. ಫೋನಿಗೆ ಒಂದೇ ಸಮನೆ ಉಪದೇಶಗಳು ಬಂದು ಬೀಳುತ್ತಿದ್ದವು. ಕಣ್ಣು ಮುಚ್ಚಿ ಕುಳಿತುಕೊಳ್ಳಿ, ಉಸಿರಾಟವನ್ನು ಗಮನಿಸಿ, ಶಾಂತಿ ನಿಮ್ಮೊಳಗೇ ಇದೆ. ಉಸಿರು ಸಿಗದೆ ಸತ್ತವರ ಹೆಂಡತಿಗೆ ಉಸಿರು ಗಮನಿಸು ಎನ್ನುವವರಿಗೆ ಏನು ಹೇಳುವುದು? ಫೋನನ್ನು ಗೋಡೆಗೆ ಎಸೆದೆ. ಅದು ಒಡೆದದ್ದು ನೋಡಿ ಆ ದಿನಗಳಲ್ಲಿ ಮೊದಲ ಸಲ ಏನೋ ಹಾಯೆನಿಸಿತು. ಆಮೇಲೆ ಅದೂ ಹೋಯಿತು. ಉಣ್ಣುವುದು ಬಿಟ್ಟೆ. ಬದುಕುವ ಮನಸ್ಸು ನನಗಿರಲಿಲ್ಲ, ಅದನ್ನು ನಾಜೂಕಾಗಿ ಬರೆಯಲು ನನಗೆ ಬಾರದು. ಸಂಜೆಯಾದರೆ ಬಾಗಿಲ ಹತ್ತಿರ ಕುಳಿತು, ಇವರು ಕೂಗುತ್ತಾರೆಂದು ಕಿವಿ ಕೊಡುತ್ತಿದ್ದೆ.

ಒಂದು ಸಂಜೆ ಕೂಗು ಬಂತು. ಆದರೆ ಇವರದಲ್ಲ.

"ಅಕ್ಕಾರ, ಬಾಗಲಾ ತಗೀರಿ. ನಾ ದುರ್ಗವ್ವ. ಮಾತಾಡಸಾಕ ಬಂದೀನಿ."

ಹೊರಗಿನವರಿಗೆ ಬಿಲ್ಡಿಂಗಿನಲ್ಲಿ ಪ್ರವೇಶವಿರಲಿಲ್ಲ. ಬಿಲ್ಡಿಂಗಿನ ಕೆಲಸದವರಿಂದ ನಮ್ಮ ಸುದ್ದಿ ಕೇಳಿ, ವಾಚ್‌ಮನ್‌ನನ್ನು ತಳ್ಳಿ ಮೆಟ್ಟಿಲು ಹತ್ತಿ ಬಂದಿದ್ದಳು. ಹಿಂದೆಯೇ ಸೊಸೈಟಿಯ ಸೆಕ್ರೆಟರಿ, ಕೆಳಗಿಳಿ, ಮೇಡಂ ಶಾಂತಿಯಿಂದಿರಲಿ ಎಂದು ಹಿಂದಿಯಲ್ಲಿ ಗದರಿದ್ದು ಕೇಳಿಸಿತು. "ಏ ಬಾಯಿ, ನೀಚೆ ಉತರ್. ಮೇಡಂ ಕೋ ಶಾಂತಿ ಸೇ ರೆಹನೇ ದೋ."

"ಶಾಂತಿ? ಒಳಗ ಆಕಿ ಸಾಯಾಕ ಹತ್ಯಾಳ, ನಿನಗ ಶಾಂತಿ ಬೇಕಾಗೈತೇನಲೇ?" ಆಮೇಲೆ ಎಳೆದಾಟ, ಅಂಗಿ ಹರಿದ ಸದ್ದು, ಚಟೀರೆಂದು ಒಂದು ಏಟು. ಸೆಕ್ರೆಟರಿಯ ಚಪ್ಪಲಿಗಳು ಮೆಟ್ಟಿಲು ಇಳಿದು ಓಡಿದವು.

"ಹೋಗಿ ದುರ್ಗವ್ವ, ನನಗೆ ಯಾರೂ ಬೇಡ" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ.

"ನೀವ ತಗೀತೀರೋ, ನಾ ತಗೀಲ್ಯೋ?"

ನಾನು ಚಿಲಕ ಮುಟ್ಟಲಿಲ್ಲ.

"ಸರದ ಕುಂದರ್ರಿ ಮತ್ತ" ಎಂದಳು. ಮೊದಲ ಏಟಿಗೆ ಚಿಲಕ ಹಾರಿತು. ಎರಡನೆಯದಕ್ಕೆ ಮರ ಸೀಳಿತು. ಮುಂದಿನ ಏಟಿಗೆ ಬಾಗಿಲು ಒಳಗೆ ಬಿತ್ತು, ಅದರ ಮೇಲೆ ಕಾಲಿಟ್ಟು ದುರ್ಗವ್ವ ಬಂದಳು. ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ರೊಟ್ಟಿಯ ಗಂಟು. ಸುತ್ತಿಗೆ ಬಿಸಾಕಿ ನನ್ನ ಕೊರಳಿಗೆ ಬಿದ್ದು ಆ ಹೆಂಗಸು ಅತ್ತ ರೀತಿ ನಾನು ಜನ್ಮದಲ್ಲಿ ಕೇಳಿರಲಿಲ್ಲ. ರಾಗವೆಳೆದು, ಎದೆ ಬಡಿದುಕೊಂಡು, "ಚಾ ಮಾಡಿ ಕೊಡತಿದ್ಯಲ್ಲೋ ನನ್ನಣ್ಣಾ, ನಕ್ಕೋತ ಬಾಗಲಾ ಕಾಯತಿದ್ಯಲ್ಲೋ ನನ್ನಣ್ಣಾ" ಎಂದು ಹಾಡಿ ಹಾಡಿ ಅತ್ತಳು. ಮಹಡಿ ಮಹಡಿಗಳಲ್ಲಿ ಬಾಗಿಲುಗಳು ತೆರೆದುಕೊಂಡವು. ನಮ್ಮಲ್ಲಿ ಹೀಗೆ ಅಳುವುದಿಲ್ಲ. ಸೆರಗು ಬಾಯಿಗೆ ಒತ್ತಿಕೊಳ್ಳುತ್ತೇವೆ. ಅವತ್ತು ನನ್ನ ಬಾಯಿಂದ ಬಂದ ಕೂಗು ಎಲ್ಲಿತ್ತೋ ಕಾಣೆ, ಗಂಟಲು ಕಿತ್ತುಹೋಗುವ ಹಾಗೆ ಬಂತು.

ಅಳು ಮುಗಿದ ಮೇಲೆ ಅವಳು ಹೊದಿಕೆ ಎಳೆದು, ಅರ್ಧ ಗೋಡೆ ತೋರಿಸಿ, ಸುತ್ತಿಗೆಯನ್ನು ನನ್ನ ಕೈಗಿಟ್ಟಳು. "ಹೊಡೀರಿ."

"ಎತ್ತೋಕೂ ಆಗಲ್ಲ ದುರ್ಗವ್ವ."

"ಯಾರ ಮ್ಯಾಲೆ ಸಿಟ್ಟ ಐತಿ, ಅವರ ಹೆಸರ ಹಿಡೀರಿ. ತಾನ ಏಳತೈತಿ."

ಮೊದಲ ಏಟು ಆಸ್ಪತ್ರೆಗೆ ಹಾಕಿದೆ. ಸುಣ್ಣ ಉದುರಿತು, ಅಷ್ಟೆ. ಆಮೇಲೆ ಫೋನಿನಲ್ಲಿ ಸುದ್ದಿ ಹೇಳಿದವನಿಗೆ, ಉಸಿರು ಗಮನಿಸು ಎಂದವರಿಗೆಲ್ಲ. ಅಂಗೈ ಬೊಬ್ಬೆಯೆದ್ದು ಒಡೆಯಿತು, ಹಿಡಿಕೆ ರಕ್ತಕ್ಕೆ ಜಾರತೊಡಗಿತು. ದುರ್ಗವ್ವ ಪಕ್ಕದಲ್ಲಿ ಕುಳಿತು, "ಹೂಂ, ಮತ್ಯಾರು?" ಎನ್ನುತ್ತಿದ್ದಳು. ಮತ್ಯಾರು? ಯಾರ ಮೇಲೆ ನಿಜವಾಗಿ ಸಿಟ್ಟಿತ್ತೋ ಅದು ಆಗ ತಿಳಿಯಿತು. ಮದುವೆಯಾದಾಗಿನಿಂದ "ಇವರು", "ಅವರು", "ರೀ" ಎಂದೇ ಬಾಳಿದವಳು, ಸುತ್ತಿಗೆ ಎತ್ತಿ, "ರಾಮಚಂದ್ರಾ" ಎಂದು ಕಿರುಚಿದೆ. "ನನ್ನ ಬಿಟ್ಟು ಹೋದೆಯಲ್ಲೋ ರಾಮಚಂದ್ರಾ." ಗೋಡೆಯ ನಡುವಿನ ಇಟ್ಟಿಗೆಗಳು ಒಟ್ಟಿಗೇ ಕುಸಿದು, ಅಡುಗೆಮನೆಯ ಕಿಟಕಿಯ ಬೆಳಕು ಹಾಲಿಗೆ ಬಂತು. ಅವರು ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ.

ಇಟ್ಟಿಗೆಯ ರಾಶಿಯ ಮೇಲೆ ಕುಳಿತು ಅವಳು ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಬಾಯಿಗಿಟ್ಟಳು. ಧೂಳು ಸೇರಿಸಿಕೊಂಡೇ ತಿಂದೆ. ಆ ರಾತ್ರಿ ನಮ್ಮ ಮನೆಗೆ ಬಾಗಿಲಿರಲಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ದುರ್ಗವ್ವ ಮಲಗಿ ಗೊರಕೆ ಹೊಡೆದಳು, ನಾನು ಒಳಗೆ ಎಚ್ಚರವಿಲ್ಲದೆ ನಿದ್ದೆ ಮಾಡಿದೆ. ಹೊಸ ಬಾಗಿಲು ಹಾಕಿಸಿದ ಮೇಲೆ, "ಮುರದದ್ದ ನನಗ ಕೊಡ್ರಿ, ಚಲೋ ಮರ ಐತಿ" ಎಂದು ಹಳೆಯದನ್ನು ಅವಳು ಜೋಪಡಿಗೆ ಹೊತ್ತುಕೊಂಡು ಹೋದಳು.

ಅವಳಿಂದ ನಾನು ಶಾಂತಳಾದೆ ಎಂದು ಹೇಳಿದರೆ ನನ್ನ ಆಫೀಸಿನವರು ನಗುತ್ತಾರೆ, ಬಾಯಿ ಇನ್ನೂ ಜೋರಾಗಿದೆ. ಆದರೆ ಬದುಕಿದ್ದೇನೆ, ನಿದ್ದೆ ಬರುತ್ತದೆ. ದಾರಿಯಲ್ಲಿ ಹೋಗುವಾಗಲೆಲ್ಲ ಅವಳು ಮೇಲೆ ಬಂದು ಚಹಾ ಕುಡಿದು ಹೋಗುತ್ತಿದ್ದಳು. ಸೆಕ್ರೆಟರಿ ಅವಳನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಿದ್ದರು.

ಕಳೆದ ವರ್ಷ ಗುಡ್ಡದ ಜೋಪಡಿಗಳನ್ನು ಕೆಡವುತ್ತಾರೆಂದು ಸುದ್ದಿ ಬಂತು. ನಾನು ಆಟೋ ಹಿಡಿದು ಹೋದೆ. ಬುಲ್ಡೋಜರ್ ಒಂದು ಕಡೆಯಿಂದ ನುಗ್ಗುತ್ತಿತ್ತು. ತಗಡು ಕಿರುಗುಟ್ಟಿ ಮಡಚಿಕೊಳ್ಳುತ್ತಿತ್ತು, ಕಲ್ಲುಗಳು ತೂರಿ ಬರುತ್ತಿದ್ದವು, ಒಬ್ಬ ಮುದುಕನ ಹಣೆಯಿಂದ ರಕ್ತ ಸುರಿಯುತ್ತಿತ್ತು. ಆ ಗದ್ದಲದ ನಡುವೆ ದುರ್ಗವ್ವ ತನ್ನ ಗೋಡೆಯನ್ನು ತಾನೇ ಒಡೆಯುತ್ತಿದ್ದಳು. ಬಾಯಿ ಬಿಗಿದಿತ್ತು. ಒಂದು ಬೈಗುಳವಿಲ್ಲ.

"ಮಾತಾಡಸಾಕ ಬಂದೀನಿ" ಎಂದೆ, ಅವಳದೇ ಮಾತಿನಲ್ಲಿ.

ಅವಳು ತಿರುಗಿ ನೋಡಿ, ಸುತ್ತಿಗೆ ಕೆಳಗಿಟ್ಟು ನಕ್ಕಳು. "ಬರ್ರಿ ಅಕ್ಕಾರ. ಆ ರಾಕ್ಷಸನ ಕೈಯಾಗ ಯಾಕ ಕೊಡಲಿ? ನಾ ಕಟ್ಟೇನಿ, ನಾನ ತಗೀತೀನಿ."

"ಯಾರ ಹೆಸರು ಹಿಡಿದು ಹೊಡೀತಿದ್ದೀರಿ?"

"ಇದಕ್ಕ ಹೆಸರಿಲ್ರಿ. ಈ ಗ್ವಾಡಿಗೆ ಬೆನ್ನ ಹಚ್ಚಿ ಅಂವಾ ಕುಂದ್ರತಿದ್ದ."

ಗೋಡೆ ಬಿತ್ತು. ಉಳಿದದ್ದು ನಮ್ಮ ಹಳೆಯ ಬಾಗಿಲು. ಚಿಲಕದ ಜಾಗಕ್ಕೆ ತಗಡು ಬಡಿದಿದ್ದಳು. ನಮ್ಮ ಹೆಸರಿನ ಫಲಕ ಇದ್ದಷ್ಟು ಜಾಗ ಮಾತ್ರ ಬಣ್ಣ ಮಾಸಿರಲಿಲ್ಲ. ಅದನ್ನು ಕೀಲಿನಿಂದ ಕಳಚಿ, ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡಳು. ನನ್ನ ಮನೆಗೆ ಬನ್ನಿ ಎಂದು ಕೈ ಹಿಡಿದೆ. ಕೇಳಲಿಲ್ಲ. ವಿರಾರ್ ಕಡೆ ಜಾಗ ಸಿಗುತ್ತದಂತೆ ಎಂದಳು. "ಬಾಗಲಾ ಐತಿ, ಗ್ವಾಡಿ ಅಲ್ಲೆ ಎಬ್ಬಸ್ತೀನಿ. ನೀವು ಬಂದ್ರ ಬಾಗಲಾ ನೋಡಿ ಗುರ್ತ ಹಿಡೀರಿ."

ಬೀಳುತ್ತಿದ್ದ ಮನೆಗಳ ನಡುವೆ ಆ ಬಾಗಿಲು ಇಳಿಜಾರಿನಲ್ಲಿ ಹೋಗುವುದನ್ನು ಕಾಣುವ ತನಕ ನೋಡಿದೆ. ಆಮೇಲೆ ಅವಳ ಫೋನು ಸಿಗಲಿಲ್ಲ. ರಜೆಯ ದಿನ ನಾನು ವಿರಾರ್ ಲೋಕಲ್ ಹತ್ತಿ ಕಿಟಕಿಯ ಪಕ್ಕ ಕೂರುತ್ತೇನೆ. ಹಳಿಗುಂಟ ಇರುವ ಮನೆಗಳ ಬಾಗಿಲುಗಳನ್ನೇ ನೋಡುತ್ತೇನೆ. ಕಂಡ ದಿನ ಇಳಿದು ಹೋಗಿ, ಅದರ ಮುಂದೆ ನಿಂತು, ಬಾಗಿಲು ತೆಗಿ ದುರ್ಗವ್ವ ಎಂದು ಕೂಗುತ್ತೇನೆ. ಅವಳು ಹೇಗೆ ತೆಗೆದರೂ ಸರಿ.