ಕ್ಯಾತಣ್ಣನ ಬೆಳಕಿನ ಕುರಿ

ಬಡವನಹಳ್ಳಿ ಪಕ್ಕದ ಹಟ್ಟಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕ್ಯಾತಣ್ಣ ಕುರಿಮಂದೆಯ ಹಿಂದೆ ಅಂಬೆಗಾಲಿಡುತ್ತಿದ್ದಾರೆ. ಕೈಯಲ್ಲಿ ಕೋಲಿಲ್ಲ, ಸೀಮೆಸುಣ್ಣವಿದೆ. ಕುರಿ ಕಾಲೆತ್ತಿದಾಗಲೆಲ್ಲ ಬಂಡೆಯ ಮೇಲೆ ಗೀಟೆಳೆಯುತ್ತಾರೆ, ಅಳಿಸುತ್ತಾರೆ, ಎದ್ದು ಮುಂದಿನ ಬಂಡೆಗೆ ಓಡುತ್ತಾರೆ. ಪತ್ರಿಕೆಗೆಂದು ಮಾತಾಡಿಸಲು ಬಂದ ತಪ್ಪಿಗೆ ನಾನೂ ಹಿಂದೆ ಓಡುತ್ತಿದ್ದೇನೆ.

"ಯಾವ ಕಾಲು ಮೊದ್ಲು ಎತ್ತುತ್ತೆ ಅಂತ ನೋಡ್ತಿದೀನಿ ಸಾರ್. ಹುಟ್ಟಿದಾಗ್ಲಿಂದ ಕುರಿ ಹಿಂದೇನೇ ಇದೀನಿ, ಇದೊಂದು ನೋಡೇ ಇರ್ನಿಲ್ಲ," ಎನ್ನುತ್ತಾರೆ, ನಿಲ್ಲದೆ.

ಇಂದು ಸಂಜೆ ಮಧುಗಿರಿಯಲ್ಲಿ ಈ ವರ್ಷದ ಬೆಳಕಿನ ಚಿತ್ರಗಳ ಹಬ್ಬ ಶುರು. ಹಲಗೆಗೆ ತೂತು ಕೊರೆದು, ಬಣ್ಣದ ಬಲ್ಬು ಕೂರಿಸಿ, ನವಿಲು ಕುಣಿಸುವ ಹಬ್ಬ. ಶಿರಾ, ಕೊರಟಗೆರೆ ಕಡೆಯ ಜನ ಬಸ್ಸಿನ ಟಾಪಿನ ಮೇಲೆ ಕೂತು ಬಂದು ಬಾಯಿಬಿಟ್ಟು ನೋಡುತ್ತಾರೆ. ಹಲಗೆಯ ಹಿಂದಕ್ಕೆ ಇಣುಕಿದವರನ್ನು ಮಾತ್ರ ನಾನು ಕಾಣೆ. ಅಲ್ಲಿರುವುದು ಮೋಟಾರಿನಿಂದ ತಿರುಗುವ ಮರದ ಉರುಳೆ, ಅದರ ಮೈತುಂಬ ತಾಮ್ರದ ತುಂಡುಗಳು. ತಿರುಗುವಾಗ ತಾಮ್ರ ತಂತಿಗೆ ತಗುಲಿದರೆ ಬಲ್ಬು ಉರಿಯುತ್ತದೆ, ತಗುಲದಿದ್ದರೆ ಆರುತ್ತದೆ. ಕ್ಯಾತಣ್ಣನ ಎಲ್ಲ ನವಿಲುಗಳೂ ಕುಣಿದದ್ದು ಇಷ್ಟರಲ್ಲೇ.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಮೈಕ್‌ಸೆಟ್ ಅಂಗಡಿಯಲ್ಲಿ ವೈರು ಸುತ್ತಲು ಸೇರಿದವರು ಇವರು. ಈ ಏಳು ವರ್ಷಗಳಲ್ಲಿ ಕರೆಂಟು ಹೊಡೆದು ಎಡಗೈಯ ಎರಡು ಬೆರಳು ಮರಗಟ್ಟಿವೆ. ಅದರ ಬಗ್ಗೆ ಅವರಿಗೆ ದೂರಿಲ್ಲ. ನೋವಿರುವುದು ಬೇರೆ ಕಡೆ. ತಾಯಿ ಕೊಲ್ಲಾಪುರಮ್ಮ ಒಮ್ಮೆಯೂ ಈ ಹಬ್ಬಕ್ಕೆ ಬಂದಿಲ್ಲ.

"ದೀಪ ಹಚ್ಚೋದು, ಆರ್ಸೋದು, ಇದೂ ಒಂದು ಕೆಲ್ಸವೇನ್ಲಾ ಅಂತಾಳೆ ನಮ್ಮವ್ವ. ಅದ್ಕೇ ಈ ಸಲ ನವಿಲು ಬುಟ್ಬುಟ್ಟೆ. ಕುರಿ ಮಾಡಿದೀನಿ."

ಹಬ್ಬದ ಸಮಿತಿಯ ಅಧ್ಯಕ್ಷ, ಬಟ್ಟೆ ಅಂಗಡಿಯ ರುದ್ರಯ್ಯ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: ಸಂಜೆಯೊಳಗೆ ಕುರಿ ಸರಿಯಾಗಿ ನಡೆದರೆ ಹಬ್ಬದ ಮುಂಬಾಗಿಲಿಗೆ ಅದೇ, ಇಲ್ಲದಿದ್ದರೆ ತುಮಕೂರಿನಿಂದ ಬಾಡಿಗೆಗೆ ತಂದ ಬಲ್ಬಿನ ಕಮಲದ ಹೂವು.

ಮಧ್ಯಾಹ್ನ ಮಧುಗಿರಿಯ ಶಾಲೆಯ ಕೋಣೆಯೊಂದರಲ್ಲಿ ಕಿಟಕಿ ಮುಚ್ಚಿ ಬಲ್ಬಿನ ಕುರಿಯ ಪರೀಕ್ಷೆ ನಡೆದಿದೆ. ಕುರಿ ನಡೆಯುತ್ತಿದೆ, ಆದರೆ ಏನೋ ಎಡವಟ್ಟು. ಕ್ಯಾತಣ್ಣ ಹಲಗೆಯ ಮುಂದಕ್ಕೆ ಓಡುತ್ತಾರೆ, ಹಿಂದಕ್ಕೆ ಓಡುತ್ತಾರೆ. ಟೀ ಆರಿ ಕೆನೆಗಟ್ಟಿದೆ. ಕರೆಂಟು ಹೋಗುತ್ತದೆ, ಬರುತ್ತದೆ. ನೋಡುವ ನನಗೇ ಕೂರಲಾಗುತ್ತಿಲ್ಲ.

"ಎಲ್ಲಾ ಬಲ್ಬೂ ಉರೀತಾವೆ ಸಾರ್. ತಪ್ಪು ಎಲ್ಲೈತೆ ಅಂತ್ಲೇ ಗೊತ್ತಾಯ್ತಿಲ್ಲ."

ಆ ಹೊತ್ತಿಗೆ ಬಾಗಿಲಲ್ಲಿ ಕೊಲ್ಲಾಪುರಮ್ಮ. ಹಬ್ಬ ನೋಡಲು ಬಂದವರಲ್ಲ, ಬೈಯಲು ಬಸ್ಸು ಹತ್ತಿದವರು. ಮಗ ಬೆಳಿಗ್ಗೆ ಕುರಿ ಕೂಡುವ ರೊಪ್ಪದ ಬೇಲಿಬಾಗಿಲು ಮುಚ್ಚದೆ ಬಂದಿದ್ದಾರೆ, ಮರಿಗಳು ಪಕ್ಕದವರ ಕಡ್ಲೆಕಾಯಿ ಹೊಲಕ್ಕೆ ನುಗ್ಗಿವೆ. "ಬುದ್ಧಿ ಐತೇನ್ಲಾ ನಿಂಗೆ, ಹೊಲದೋರು ಬಂದು..." ಎಂದವರು ಅಲ್ಲಿಗೇ ನಿಲ್ಲಿಸಿದರು. ಕಣ್ಣು ಹಲಗೆಯ ಮೇಲೆ. ಕುರಿ ಎರಡು ಸುತ್ತು ನಡೆಯಿತು.

"ಲೇ, ಮುಂದ್ಲ ಬಲಗಾಲಿಗೆ ಮುಳ್ಳು ಚುಚ್ಚೈತೆ ಕಣ್ಲಾ. ನೋಡ್ಕೊಂಡು ಸುಮ್ನೆ ನಿಂತಿದೀಯಲ್ಲ, ತೆಗಿ."

ಕ್ಯಾತಣ್ಣ ಹಿಂದಕ್ಕೆ ಓಡಿದರು. ಆ ಕಾಲಿನ ತಾಮ್ರದ ತುಂಡು ಅಂಚಿನಲ್ಲಿ ಸುರುಟಿಕೊಂಡು, ತಂತಿಗೆ ತಡವಾಗಿ ತಗುಲುತ್ತಿದೆ. ಒತ್ತಿ ಮೊಳೆ ಹೊಡೆದರು. ಕುರಿ ನಾಲ್ಕೂ ಕಾಲು ಊರಿ ನಡೆಯಿತು.

"ಹ್ಞಾಂ, ಈಗ ನಡೀತು," ಎಂದ ತಾಯಿ, ಬೈಗುಳವನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದರು.

ಸಂಜೆ ಮುಂಬಾಗಿಲಲ್ಲಿ ಕುರಿಯೇ ನಡೆಯುತ್ತಿದೆ. ಕ್ಯಾತಣ್ಣ ಹಲಗೆಯ ಹಿಂದೆ, ಬೆಳಗಿನಿಂದ ಮೊದಲ ಸಲ ಕೂತಿದ್ದಾರೆ. ಹಬ್ಬದ ಒಳ್ಳೆಯ ಚಿತ್ರಕ್ಕೆ ಸಮಿತಿ ಕೊಡುವ ಬಹುಮಾನದ ಆಸೆ ಇದೆಯೇ ಎಂದು ಕೇಳಿದೆ.

"ಯಾರಿಗಾದ್ರೂ ಬರ್ಲಿ ಬುಡಿ ಸಾರ್. ನಮ್ಮವ್ವ ಮುಳ್ಳು ಚುಚ್ಚೈತೆ ಅಂದ್ಲು. ಬಲ್ಬು ಕೆಟ್ಟೈತೆ ಅನ್ನಲಿಲ್ಲ."