ಚರಗ ಚೆಲ್ಲಿದ ಜಾಗ

ನನ್ನ ತಮ್ಮನ ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಹುಮನಾಬಾದಿನಲ್ಲಿ ಯಾರಾದರೂ ಕೇಳಿದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅವಳು ಹಿಮಾಚಲದ ಗುಡ್ಡಗಳಲ್ಲಿ ಜಾಗ ಆರಿಸುತ್ತಾಳೆ. ಬಯಲಿನಲ್ಲಿ ಡೇರೆ ಹಾಕಿಕೊಂಡು ಮಲಗುವ ಹುಚ್ಚಿರುವ ಮಂದಿ ರೊಕ್ಕ ಕೊಟ್ಟು ಅಲ್ಲಿಗೆ ಬರುತ್ತಾರಂತೆ. ಅವರು ಎಲ್ಲಿ ಮಲಗಬೇಕು, ಬೆಳಿಗ್ಗೆ ಕಣ್ಣು ಬಿಟ್ಟಾಗ ಎದುರಿಗೆ ಏನು ಕಾಣಬೇಕು ಅನ್ನುವುದನ್ನು ಮೊದಲೇ ಹೋಗಿ ನೋಡಿ ಬರುವುದು ಇವಳ ನೌಕರಿ. ಇದನ್ನು ಮಂದಿಗೆ ಬಿಡಿಸಿ ಹೇಳಿ ಹೇಳಿ ಸಾಕಾಗಿ ನನ್ನ ತಮ್ಮ ಕೊನೆಗೆ “ಜಾಗಾದ ಕೆಲಸ ಮಾಡ್ತಾಳ್ರಿ” ಅನ್ನಲು ಶುರುಮಾಡಿದ. ಕೇಳಿದವರು ಪ್ಲಾಟು ಮಾರುವ ಧಂದೆ ಅಂದುಕೊಂಡರು. ಬಸವಕಲ್ಯಾಣದಿಂದ ಹೆಣ್ಣು ಕೇಳಲು ಬಂದವರೂ ಹಾಗೇ ತಿಳಿದು, “ಛಲೋನೇ ಆಯ್ತಲ್ರಿ, ನಮ್ಮ ಕಡೀನೂ ಈಗ ಪ್ಲಾಟಿಗಿ ರೇಟ್ ಏರ್ಯಾವ. ಮದಿವಿ ಆದಮ್ಯಾಲ ಇಲ್ಲೇ ಮಾಡ್ಲಿ” ಎಂದು ಖುಷಿಪಟ್ಟರು. ನನಗೆ ನಗು ತಡೆಯಲಾಗದೆ ಕೆಮ್ಮಿದೆ.

ಅವರು ಎದ್ದು ಹೋದ ಮೇಲೆ ತಮ್ಮ ನನ್ನ ಎದುರಿಗೆ ಬಂದು ಕುಳಿತ. ನಾನು ಅವನಿಗಿಂತ ದೊಡ್ಡವಳು. ಮಾಣಿಕನಗರದಲ್ಲಿ ಕಾಯಿ, ಕರ್ಪೂರ, ಊದಿನಕಡ್ಡಿ ಮಾರುವ ಅಂಗಡಿ ನನ್ನದು. ಗಂಡ ಹೋದ ಮೇಲೂ ಅದನ್ನು ಒಬ್ಬಳೇ ನಡೆಸಿಕೊಂಡು ಬಂದಿರುವುದರಿಂದ ಮನೆಯಲ್ಲಿ ನನ್ನ ಮಾತಿಗೆ ಜರಾ ವಜನು ಇದೆ.

“ಅಕ್ಕಾ, ನೀ ಒಮ್ಮಿ ಹೋಗಿ ನೋಡಿ ಬಾ,” ಅಂದ. “ಕಾಡಾಗ ಮಲಗೋದು ಎಂಥಾ ನೌಕರಿ, ನನಗಂತೂ ತಿಳಿವಲ್ದು. ನೀ ಇರ್ಲಿ ಅಂದ್ರ ಇರ್ಲಿ. ಬ್ಯಾಡ ಅಂದ್ರ ನಾಳೇನೇ ಕರಸ್ತೇನಿ, ಬಸವಕಲ್ಯಾಣದವರಿಗಿ ಹೂಂ ಅಂತೇನಿ.”

“ಹುಡುಗಿನ್ನ ಕೇಳೀಯೇನು?”

“ಕೇಳೇನಿ. ಅತ್ತಿ ಏನಂತಾಳ ನೋಡ್ರಿ ಅಂದ್ಳು.”

ನೋಡಿ, ಅಪ್ಪ ಮಗಳು ಇಬ್ಬರೂ ಸೇರಿ ಚೆಂಡನ್ನು ನನ್ನ ಅಂಗಳಕ್ಕೆ ಎಸೆದು ಕುಳಿತಿದ್ದರು. ಬೈದುಕೊಳ್ಳುತ್ತಲೇ ಶೇಂಗಾ ಹುರಿದೆ. ಶೇಂಗಾದ ಹೋಳಿಗೆ, ಸಜ್ಜೆಯ ಕಟಕ ರೊಟ್ಟಿ, ನಂಚಿಕೊಳ್ಳಲು ಖಾರದ ಹಿಂಡಿ, ಒಂದು ಉಂಡೆ ಬೆಲ್ಲ, ಎಲ್ಲ ಕಟ್ಟಿಕೊಂಡು ದಸರಾ ಮುಗಿದ ಮೇಲೆ ಹೊರಟೆ. ರೈಲು, ಮತ್ತೆ ರೈಲು, ಆಮೇಲೆ ಬಸ್ಸು. ಬಸ್ಸು ಸುತ್ತಿ ಸುತ್ತಿ ಮೇಲೆ ಹತ್ತುವಾಗ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹತ್ತಿರ ಹೋದ ಮೇಲೆ ಅದರ ಮಜಾ ನನಗೆ ತಿಳಿಯಿತು.

ಬಸ್‌ಸ್ಟ್ಯಾಂಡಿಗೆ ಅವಳೇ ಜೀಪು ತೆಗೆದುಕೊಂಡು ಬಂದಿದ್ದಳು. ಜೀಪಿನ ಡ್ರೈವರ್ ಅದೇ ಊರಿನ ಮನುಷ್ಯ, ನಾನಾಡಿದ ಬೀದರ ಕಡೆಯ ಉರ್ದು ಕೇಳಿ ನಗು ನುಂಗುತ್ತಿದ್ದ. ಹುಡುಗಿ ಕಪ್ಪಾಗಿದ್ದಳು, ಕೈ ಒರಟಾಗಿತ್ತು, ಕೆನ್ನೆ ಒಡೆದಿತ್ತು. ಅವರವ್ವ ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಇವಳು ಮಾತ್ರ ನನ್ನನ್ನು ಅಪ್ಪಿಕೊಂಡು, “ಅತ್ತಿ, ಛಲೋ ಟೈಮಿಗಿ ಬಂದಿ. ಮುಂದಿನ ವಾರ ಮಂದಿ ಬರೋರಿದ್ದಾರ, ಮಕ್ಕಳು ಮರಿ ಕಟ್ಕೊಂಡು. ಅಷ್ಟರೊಳಗ ಒಂದ ಜಾಗಾ ಗಟ್ಟಿ ಮಾಡ್ಬೇಕು. ನೀನೂ ನೋಡು” ಅಂದಳು. ನನಗೇನು, ಜಾಗ ನೋಡುವುದು ಎಷ್ಟರ ಕೆಲಸ ಅಂದುಕೊಂಡೆ.

ಮೊದಲು ಒಂದು ಗುಡ್ಡದ ತುದಿಗೆ ಕರೆದೊಯ್ದಳು. ಎದುರಿಗೆ ಹಿಮ, ಕಾಲ ಕೆಳಗೆ ಮೋಡ. “ಇದೇ ಬರೋಬರ್ ಅದ ನೋಡು,” ಅಂದೆ.

“ಗಾಳಿ, ಅತ್ತಿ. ಸಂಜಿಗಿ ಗಾಳಿ ಎದ್ರ ಡೇರೆ ಸಹಿತ ನೀನೂ ಹಾರ್ತಿ.”

ಆಮೇಲೆ ಹೊಳೆಯ ದಂಡೆ. ಸಪಾಟು ಮರಳು, ಕೈ ಚಾಚಿದರೆ ನೀರು. ನಮ್ಮ ಕಡೆ ಇಂಥ ಜಾಗ ಸಿಕ್ಕರೆ ಮಂದಿ ಜಗಳಾಡಿ ಸತ್ತಾರು. “ಇದಕ್ಕೇನಾಗ್ಯದ?” ಅಂದರೆ, “ಮ್ಯಾಲ ಎಲ್ಲೋ ಮಳಿ ಆದ್ರ ಇಲ್ಲಿ ಬಿಸಲ ಇದ್ರೂ ನೀರು ಏರಿ ಬರ್ತದ” ಅಂದಳು. ಮೂರನೆಯದು ದೇವದಾರು ಮರಗಳ ನೆರಳು, ಹಸಿರು ಹುಲ್ಲು. ಒಣಗಿದ ಟೊಂಗೆ ಮೈಮೇಲೆ ಬೀಳುತ್ತದಂತೆ. ಅದರ ಪಕ್ಕದ ತಗ್ಗಿನಲ್ಲಿ ಚಳಿ ಇಳಿದು ನಿಲ್ಲುತ್ತದಂತೆ. ಚಂದ ಇದ್ದದ್ದು ಬೇಡ, ಸಪಾಟಾದದ್ದು ಬೇಡ, ನೀರಿನ ಹತ್ತಿರದ್ದು ಬೇಡ, ನೆರಳಿನದಂತೂ ಬೇಡವೇ ಬೇಡ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ನಾವಿಬ್ಬರೂ ಗುಡ್ಡ ಸುತ್ತಿದೆವು.

ಅದಕ್ಕೂ ಮೀರಿ, ಪ್ರತಿ ಜಾಗದಲ್ಲೂ ಅವಳು ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚುತ್ತಿದ್ದಳು. ರಕ್ತ ತಲೆಗೆ ಇಳಿಯುತ್ತದೋ ಕಾಲಿಗೆ ಇಳಿಯುತ್ತದೋ ಎಂದು ನೋಡುವುದಂತೆ. “ನೀನೂ ಮಲ್ಕೊಂಡ ನೋಡು,” ಅಂದಳು. ಈ ವಯಸ್ಸಿನಲ್ಲಿ, ಇಳಕಲ್ ಸೀರೆಯಲ್ಲಿ, ಡ್ರೈವರ್ ನೋಡುತ್ತಿದ್ದಾನೆ! ಆದರೂ ಮಲಗಿದೆ. ಎಲ್ಲಿ ಮಲಗಿದರೂ ಬೆನ್ನಿಗೆ ಒಂದು ಕಲ್ಲು. “ನೆಲಾನೇ ಡೊಂಕದ,” ಎಂದು ಸಿಡುಕಿದೆ.

“ಕುಣಿಲಾರ್ದಾಕಿ ಮಾತದು,” ಎಂದು ಹುಡುಗಿ ಕಿಸಕ್ಕನೆ ನಕ್ಕಳು.

ಸಂಜೆಯ ಹೊತ್ತಿಗೆ ಒಂದು ಜಾಗ ಅವಳಿಗೆ ಹಿಡಿಸಿತು. ಗುಡ್ಡದ ಮಗ್ಗುಲಲ್ಲಿ ಒಂದು ಕಟ್ಟೆಯಷ್ಟು ಸಪಾಟು ನೆಲ, ಹಿಂದೆ ಬಂಡೆ, ಗಾಳಿಗೆ ಅಡ್ಡ. ಎರಡು ಶಿಖರಗಳ ನಡುವೆ ಹಿಮದ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಇಬ್ಬರೂ ಸೇರಿ ಡೇರೆ ಹಾಕಿದೆವು. ತಿನ್ನುವ ಸಾಮಾನನ್ನೆಲ್ಲ ಅವಳು ಒಂದು ತಗಡಿನ ಡಬ್ಬಿಯಲ್ಲಿ ಹಾಕಿ, ದೂರ ಒಯ್ದು, ಬೀಗ ಜಡಿದಳು. “ಕಾಡಪ್ರಾಣಿಗಿ ವಾಸನಿ ಹತ್ತಬಾರ್ದು ಅತ್ತಿ. ಇಲ್ಲಿ ಇದೊಂದು ಕಟ್ಟುನಿಟ್ಟು,” ಅಂದಳು. ನಾನು ತಲೆ ಆಡಿಸಿದೆ. ನನ್ನ ಬುತ್ತಿಯ ಗಂಟನ್ನು ಮಾತ್ರ ಉಣ್ಣಲಿಕ್ಕೆಂದು ಹೊರಗೆ ಇಟ್ಟುಕೊಂಡೆವು.

ಗಂಟು ಬಿಚ್ಚಿದೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಐದು ಕಲ್ಲಿಟ್ಟು ಪೂಜೆ ಮಾಡಿ, ಅಡುಗೆಯನ್ನು ಹೊಲದ ಸುತ್ತ ಎರಚಿ ಚರಗ ಚೆಲ್ಲುತ್ತಾರೆ. ಭೂಮಿತಾಯಿ ಉಂಡ ಮೇಲೆ ನಾವು. ನಮ್ಮವ್ವ ಅದನ್ನು ಅಮಾವಾಸ್ಯೆಗಷ್ಟೇ ಬಿಟ್ಟವಳಲ್ಲ. ನಮ್ಮೂರು ನಿರ್ಣಾದ ಹೊಲದಲ್ಲಿ ಯಾವ ದಿನ ಬುತ್ತಿ ಬಿಚ್ಚಿದರೂ ಮೊದಲ ತುತ್ತು ನೆಲಕ್ಕೆ. ನನ್ನ ಕೈ ತಾನೇ ಐದು ಕಲ್ಲು ಹುಡುಕಿತು. ಹೋಳಿಗೆ, ರೊಟ್ಟಿ, ಬೆಲ್ಲ ಮುರಿದು ಕಲಸಿ ಹುಡುಗಿಯ ಕೈಗೆ ಕೊಟ್ಟೆ. ಅವಳು ಸಣ್ಣವಳಿದ್ದಾಗ ಹೊಲದಲ್ಲಿ ಹೇಗೆ ಓಡುತ್ತಿದ್ದಳೋ ಹಾಗೇ ಡೇರೆಯ ಸುತ್ತ ಓಡಿ, ನಾಲ್ಕೂ ದಿಕ್ಕಿಗೆ ಕೂಗುತ್ತಾ ಚೆಲ್ಲಿದಳು. ಎಂಥ ನಗು ಅದು! ನನಗೆ ಕಣ್ಣಲ್ಲಿ ನೀರು ಬಂತು. ತಗಡಿನ ಡಬ್ಬಿಗೆ ಬೀಗ ಜಡಿದು ಬಂದವರು ನಾವೇ ಅನ್ನುವುದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಹೊಟ್ಟೆ ತುಂಬ ಉಂಡು ಮಲಗಿದೆವು. ನನಗಂತೂ ಸತ್ತ ಹಾಗೆ ನಿದ್ದೆ ಬಂತು.

ಬೆಳಿಗ್ಗೆ ಎದ್ದು ಹೊರಗೆ ಬಂದರೆ ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಹಸಿ ಮಣ್ಣಿನಲ್ಲಿ ಹೆಜ್ಜೆಗಳು. ಮನುಷ್ಯರ ಪಾದದ ಹಾಗೇ ಇದ್ದವು, ಆದರೆ ಅಗಲ, ಮುಂದೆ ಉಗುರಿನ ಗೆರೆ. ಡೇರೆಯ ಸುತ್ತ ಒಂದು ಸುತ್ತು ಹಾಕಿದ್ದವು. ನಾವು ಚೆಲ್ಲಿದ್ದರಲ್ಲಿ ಒಂದು ಚೂರೂ ಉಳಿದಿರಲಿಲ್ಲ. ನಾನು ತಲೆಯಿಟ್ಟು ಮಲಗಿದ್ದ ಕಡೆಯ ಹಗ್ಗ ಗೂಟ ಸಮೇತ ಕಿತ್ತು ಬಿದ್ದಿತ್ತು.

“ಕರಡಿ,” ಅಂದಳು. ಅಂದವಳೇ ಒಂದು ಕಲ್ಲಿನ ಮೇಲೆ ಕುಸಿದು ಕುಳಿತಳು.

ಕೆಳಗಿನ ಊರಲ್ಲಿ ಮಲಗಲು ಹೋಗಿದ್ದ ಡ್ರೈವರ್ ಅಷ್ಟರಲ್ಲಿ ಬಂದ. ಹೆಜ್ಜೆ ನೋಡಿದವನೇ ಸಾಮಾನೆಲ್ಲ ಜೀಪಿಗೆ ಎತ್ತಿ ಹಾಕಿ, ಹತ್ತಿ ಹತ್ತಿ ಎಂದು ಅವಸರ ಮಾಡಿದ. ನಾನು ಸೊಂಟನೋವೂ ನೆನಪಾಗದೆ ಜಿಗಿದು ಹತ್ತಿದೆ. ಹುಡುಗಿ ಹತ್ತಲಿಲ್ಲ. ಒಂದು ಸ್ಟೀಲಿನ ತಾಟು, ಒಂದು ಚಮಚ ಕೈಯಲ್ಲಿ ಹಿಡಿದು ನಿಂತಿದ್ದಳು.

“ಅತ್ತಿ, ನೀ ಗಾಡ್ಯಾಗೇ ಕೂಡು. ನಾ ಮ್ಯಾಲ ಹೋಗಿ ಬ್ಯಾರೆ ಜಾಗಾ ನೋಡಿ ಬರ್ತೇನಿ.”

“ಹುಚ್ಚ ಹಿಡದದೇನ? ಬಾ ಇಲ್ಲಿ, ಮೊದಲ ಹತ್ತು! ನಿಮ್ಮಪ್ಪಗ ನಾ ಏನಂತ ಜವಾಬು ಕೊಡ್ಲಿ?”

“ಕರಡಿಗಿ ಈ ಜಾಗಾ ರುಚಿ ಹತ್ತ್ಯದ ಅತ್ತಿ. ನಾಳಿನೂ ಬರ್ತದ. ನಾ ಬ್ಯಾರೆ ಹುಡುಕ್ಲಿಲ್ಲ ಅಂದ್ರ ಕಂಪನಿಯವ್ರು ಆ ಮಕ್ಕಳನ್ನ ತಂದು ಇಲ್ಲೇ ಮಲಗಸ್ತಾರ.”

“ನಿನಗ ಅಂಜಿಕಿ ಇಲ್ಲೇನ?”

“ಅದ. ಭಾಳ ಅದ,” ಅಂದಳು. ಡ್ರೈವರಿಗೆ ನನ್ನ ಹತ್ತಿರ ಇರಲು ಹೇಳಿ, ಕರಡಿಗೆ ಕೇಳಲಿ, ದೂರ ಸರಿಯಲಿ ಎಂದು ತಾಟು ಬಡಿಯುತ್ತಾ ಏರು ಹತ್ತಿ ಹೋದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಹಿಂತಿರುಗಿ ನೋಡಲಿಲ್ಲ.

ಟಣ್ ಟಣ್ ಅನ್ನುವ ಸದ್ದು ಮೇಲೆ ಮೇಲೆ ಹೋಯಿತು. ಜೀಪಿನಲ್ಲಿ ಕುಳಿತು ಕಿವಿಯನ್ನು ಅತ್ತಲೇ ಇಟ್ಟಿದ್ದೆ. ಮರಗಳ ನಡುವೆ ಅವಳು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಇತ್ತು. ಸಿಟ್ಟು ಬಂದಿತ್ತೋ, ಹೆಮ್ಮೆಯೋ, ಪ್ರಾಣಭಯವೋ ಈಗಲೂ ಬಿಡಿಸಿ ಹೇಳಲಾರೆ; ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸುತ್ತಿತ್ತು, ದೃಷ್ಟಿ ತೆಗೆಯಬೇಕು ಅಂತಲೂ ಅನ್ನಿಸುತ್ತಿತ್ತು. ಒಂದು ಹೊತ್ತಿಗೆ ಸದ್ದು ನಿಂತುಬಿಟ್ಟಿತು. ನಾನು ಜೀಪಿನಿಂದ ಇಳಿದೆ. ಡ್ರೈವರೂ ಬೀಡಿ ಎಸೆದು ಎದ್ದು ನಿಂತ. ನಮ್ಮವ್ವನನ್ನು, ಮಾಣಿಕಪ್ರಭುವನ್ನು, ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಆಮೇಲೆ ಬಹಳ ಮೇಲಿನಿಂದ ಮತ್ತೆ ಟಣ್ ಎಂದಿತು. ನಾನು ಅಲ್ಲೇ ನೆಲಕ್ಕೆ ಕುಳಿತೆ.

ಬಿಸಿಲು ನೆತ್ತಿಗೆ ಬಂದ ಮೇಲೆ ಇಳಿದು ಬಂದಳು. ಮೊಣಕೈ ತರಚಿತ್ತು. ಏರು ಹತ್ತುವಾಗ ಎರಡೂ ಕೈ ಬೇಕಾಗಿ ತಾಟನ್ನು ಬೆನ್ನಿಗೆ ಸಿಕ್ಕಿಸಿಕೊಂಡಿದ್ದಳಂತೆ, ಅದಕ್ಕೇ ಸದ್ದು ನಿಂತದ್ದು. ಹೊಸ ಜಾಗ ಸಿಕ್ಕಿದೆ ಎಂದು ನನ್ನನ್ನು ನಿಧಾನಕ್ಕೆ ಕೈ ಹಿಡಿದು ಕರೆದೊಯ್ದು ತೋರಿಸಿದಳು. ಹೇಳಿಕೊಳ್ಳುವಂಥದ್ದೇನಲ್ಲ. ಮಣ್ಣು, ಕುರುಚಲು, ಒಂದು ಮೂಲೆಯಿಂದ ನೋಡಿದರೆ ಅಂಗೈಯಷ್ಟು ಹಿಮ.

“ಇದರಾಗ ಏನ್ ಚಂದ ಅದ?” ಅಂದೆ.

“ಚಂದ ಜರಾ ಕಡಿಮಿ ಅತ್ತಿ. ನಿದ್ದಿ ಆಗ್ತದ.”

ಹೌದೋ ಅಲ್ಲವೋ ನನಗೆ ಹೇಗೆ ತಿಳಿಯಬೇಕು? ನಿನ್ನೆಯದೂ ಅವಳಿಗೆ ಸರಿಯಾಗಿಯೇ ಕಂಡಿತ್ತು. ಮರುದಿನ ಬಸ್ಸು ಹತ್ತಿಸುವಾಗ ಅವಳು ಏನೂ ಕೇಳಲಿಲ್ಲ, ಅಪ್ಪನಿಗೆ ಹೀಗೆ ಹೇಳು ಹಾಗೆ ಹೇಳು ಅನ್ನಲಿಲ್ಲ. ಕಿಟಕಿಯ ಸರಳನ್ನು ಹಿಡಿದುಕೊಂಡು ನಿಂತಿದ್ದಳು, ಬಸ್ಸು ಹೊರಟ ಮೇಲೆ ಬಿಟ್ಟಳು. ದಾರಿಯುದ್ದಕ್ಕೂ ನಾನು ಒಂದು ಊರಿಗೆ ಇರಲಿ ಅಂದುಕೊಂಡೆ, ಮುಂದಿನ ಊರಿಗೆ ಬೇಡ ಅಂದುಕೊಂಡೆ.

ಹುಮನಾಬಾದಿನಲ್ಲಿ ಇಳಿದು ತಮ್ಮನ ಮನೆಗೇ ಹೋದೆ. ಬಸವಕಲ್ಯಾಣದವರು ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದರಂತೆ. ತಮ್ಮನ ಹೆಂಡತಿ ಚಹಾ ಕೊಟ್ಟು ಬಾಗಿಲ ಹತ್ತಿರ ನಿಂತಳು. ನಾನು ಒಂದನ್ನೂ ಮುಚ್ಚಿಡಲಿಲ್ಲ. ಚರಗ ಚೆಲ್ಲಿದ್ದು, ಕರಡಿ ಬಂದದ್ದು, ತಾಟು ಬಡಿಯುತ್ತಾ ಹುಡುಗಿ ಹೋದದ್ದು, ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ತಮ್ಮನ ಮುಖ ಬಿಳುಚಿಕೊಂಡಿತು.

“ಹಂಗಾದ್ರ ಬ್ಯಾಡ ಅಂತಿ.”

“ಹಂಗ ಅಂದಿಲ್ಲ ನಾ.”

“ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಮಾತಾಡಬ್ಯಾಡ ಅಕ್ಕಾ. ಕರಡಿ ಬಂದದ ಅಂತಿ, ಹುಡುಗಿ ಅಂಜ್ಯಾಳ ಅಂತಿ. ಮತ್ತ ಕೈ ಹಿಡದು ಕರಕೊಂಡ ಯಾಕ ಬರಲಿಲ್ಲ?”

“ನಾನೂ ಅಂಜಿದ್ದೆ, ಆಕಿನೂ ಅಂಜಿದ್ಳು. ನಾ ಗಾಡಿ ಹತ್ತಿದೆ. ಆಕಿ ಮಂದಿ ಮಕ್ಕಳಿಗಿ ಜಾಗಾ ಹುಡುಕ್ಲಿಕ್ಕ ಹೋದ್ಳು. ಅಂಥಾಕಿನ್ನ ಹ್ಯಾಂಗ ಕರಕೊಂಡ ಬರ್ಲಿ, ನೀನೇ ಹೇಳು.”

ಬಾಗಿಲಲ್ಲಿದ್ದವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಇರ್ಲಿ ಅನ್ರಿ ಅಕ್ಕಾರ,” ಅಂದಳೋ, “ಇರ್ಲಿ ಅಂತೀರೇನ್ರಿ” ಎಂದು ಕೇಳಿದಳೋ, ಸೆರಗು ಬಾಯಿಗೆ ಅಡ್ಡವಿದ್ದದ್ದರಿಂದ ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಹೋದರೆ ಎಂದೂ ಮುಗಿಯದು ಎಂದು, “ಇರ್ಲಿ” ಅಂದುಬಿಟ್ಟೆ.

ತಮ್ಮ ಎದ್ದು ಅಂಗಳಕ್ಕೆ ಹೋಗಿ ಬಸವಕಲ್ಯಾಣಕ್ಕೆ ಫೋನ್ ಹಚ್ಚಿದ. “ಈ ವರ್ಷ ಆಗಲ್ರಿ, ಬ್ಯಾರೆ ಕಡಿ ನೋಡ್ಕೋರಿ, ಬ್ಯಾಸರ ಮಾಡ್ಕೋಬ್ಯಾಡ್ರಿ” ಅಂದದ್ದು ಕೇಳಿಸಿತು. ಒಳಗೆ ಬಂದು ನನ್ನ ಎದುರಿಗೆ ನಿಂತ. ಅವನು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

“ಅಕ್ಕಾ, ಆಕಿಗಿ ಏನರ ಆದ್ರ ನಾ ನಿನ್ನನ್ನೇ ಕೇಳ್ತೇನಿ.”

“ಕೇಳು,” ಅಂದೆ.

ಮಾಣಿಕನಗರಕ್ಕೆ ಬಂದು ಅಂಗಡಿಯ ಬಾಗಿಲು ತೆರೆದೆ. ಸಂಜೆ ಹುಡುಗಿಗೆ ಸುದ್ದಿ ಹೇಳೋಣವೆಂದು ಫೋನ್ ಹಚ್ಚಿದೆ. ಹತ್ತಲಿಲ್ಲ. ಕಾಯಿ ಕೊಳ್ಳಲು ಬಂದವರನ್ನು ನಿಲ್ಲಿಸಿ ಮತ್ತೆ ಹಚ್ಚಿದೆ.