ಅಪ್ಪನ ಸೈಕಲ್ಲಿನ ಗಿಡ್ಡ ಕೊಳವೆ

ನಾನು ಚಿಕ್ಕವನಿದ್ದಾಗ ಯಾರನ್ನೂ ಸುಲಭವಾಗಿ ನಂಬುತ್ತಿರಲಿಲ್ಲ. ಹಾಲಿನವಳು ಹಾಲು ಅಳೆಯುವಾಗ ಹೆಬ್ಬೆರಳನ್ನು ಲೋಟದೊಳಗೆ ಇಟ್ಟಿದ್ದಾಳೋ ಏನೋ ಎಂದು ಬಗ್ಗಿ ನೋಡುತ್ತಿದ್ದೆ. ಡಬ್ಬಿಯಲ್ಲಿ ಒಂದು ಕೋಡುಬಳೆ ಕಡಿಮೆಯಾದರೂ ಹೋಗಿ ಅಕ್ಕನ ಕೈ ಮೂಸುತ್ತಿದ್ದೆ. "ಇವ್ನು ಮುಂದೆ ಪೊಲೀಸೇ ಆಗೋದು ಬುಡಿ" ಎಂದು ಅಮ್ಮ ನಗುತ್ತಿದ್ದಳು. ಆ ಸ್ವಭಾವ ಒಂದು ಭಾನುವಾರ ನನ್ನಿಂದ ಏನು ಮಾಡಿಸಿತು ಎಂಬುದನ್ನು ನಿಮಗೆ ಹೇಳಬೇಕು.

ಆಗ ನಾವು ಗುಬ್ಬಿಯಲ್ಲಿದ್ದೆವು. ಅಪ್ಪ ಪೋಸ್ಟ್‌ಮ್ಯಾನ್. ಸುತ್ತಲಿನ ಐದಾರು ಹಳ್ಳಿಗಳಿಗೆ ದಿನವೂ ಸೈಕಲ್ ತುಳಿದು ಕಾಗದ ಹಂಚಿ ಬರುತ್ತಿದ್ದರು. ಆ ವರ್ಷ ಅವರಿಗೆ ಬೆನ್ನುನೋವು ಶುರುವಾಯಿತು. ಸಂಜೆ ಮನೆಗೆ ಬಂದವರು ಗೋಡೆ ಹಿಡಿದುಕೊಂಡೇ ಕೂರುತ್ತಿದ್ದರು. ಅಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದಳು. ಮನೆಯೆಲ್ಲ ಬಿಸಿ ಉಪ್ಪಿನ, ಹರಳೆಣ್ಣೆಯ ವಾಸನೆ. ಕೊನೆಗೆ ಬಸ್ಸು ಹತ್ತಿ ತುಮಕೂರಿಗೆ ಹೋಗಿ ಅಲ್ಲಿನ ಬಟವಾಡಿಯ ಡಾಕ್ಟರಿಗೆ ತೋರಿಸಿದರು. "ಬಗ್ಗಿಕೊಂಡು ಸೈಕಲ್ ಹೊಡೀಬೇಡಿ. ಹ್ಯಾಂಡಲ್ ಎತ್ತರಿಸಿ ನೆಟ್ಟಗೆ ಕೂರೋ ಹಂಗಿದ್ರೆ ಹೊಡೀರಿ, ಇಲ್ದಿದ್ರೆ ಬಿಟ್ಬಿಡಿ" ಎಂದರಂತೆ. ಸೈಕಲ್ ಬಿಟ್ಟರೆ ಅಪ್ಪನ ಕೆಲಸವೇ ಬಿಟ್ಟಂತೆ.

ಹಾಗಾಗಿ ಆ ಭಾನುವಾರ ಬೆಳಿಗ್ಗೆ ಅಪ್ಪ ಸೈಕಲ್ ತಳ್ಳಿಕೊಂಡು ಹೊರಟರು. ಹಿಂದೆ ನಾನು. ನಮ್ಮ ಬೀದಿಯ ತುದಿಯಲ್ಲೇ ಸೈಕಲ್ ಶಾಪು. ಅದರ ಯಜಮಾನರನ್ನು ಮಕ್ಕಳೆಲ್ಲ ಮಾವ ಎಂದೇ ಕರೆಯುತ್ತಿದ್ದೆವು. ಅಪ್ಪನಿಗೂ ಅವರಿಗೂ ಹತ್ತು ವರ್ಷದ ಸ್ನೇಹ. ಅಪ್ಪ ಡ್ಯೂಟಿಗೆ ಹೋಗುವಾಗ ಒಂದು ಟೀಯನ್ನು ಇಬ್ಬರೂ ಹಂಚಿಕೊಂಡು ಕುಡಿಯುತ್ತಿದ್ದರು. ಎರಡು ತಿಂಗಳ ಹಿಂದಷ್ಟೇ ಮಾವ ಆ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಗ್ರೀಸು ಹಾಕಿ, ಓವರಾಯಿಲ್ ಮಾಡಿಕೊಟ್ಟಿದ್ದರು.

"ಹ್ಯಾಂಡಲ್ ಎತ್ತೋದು ಎಷ್ಟೊತ್ತಿನ ಕೆಲ್ಸ, ಕೂತ್ಕೊ ಅಣ್ಣ" ಎಂದು ಮಾವ ಪಾನಾ ಹಿಡಿದರು. ಹ್ಯಾಂಡಲ್ಲಿನ ಕೆಳಗೆ ಒಂದು ಕಂಬವಿರುತ್ತದೆ. ಅದು ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಅಂದರೆ ಫೋರ್ಕಿನಿಂದ ಮೇಲೆದ್ದ ಕೊಳವೆಯೊಳಗೆ ಇಳಿದು ಬಿಗಿಯಾಗಿ ಕೂತಿರುತ್ತದೆ. ಮಾವ ಕಂಬವನ್ನು ಹೊರಗೆಳೆದು, ಕೊಳವೆಯ ಮೇಲಿನ ನಟ್ಟು ಬಿಚ್ಚಿ ಒಳಗೆ ಇಣುಕಿದರು. ಅವರ ಮುಖ ಸಪ್ಪಗಾಯಿತು.

"ಅಣ್ಣ, ಕೊಳವೆ ಗಿಡ್ಡ ಐತೆ. ಯಾರೋ ಮೇಲ್ಗಡೆ ಕುಯ್ದವ್ರೆ. ನಟ್ಟು ಎರಡೇ ಥ್ರೆಡ್ಡಿಗೆ ಹಿಡ್ಕೊಂಡೈತೆ. ಇದ್ರಲ್ಲಿ ಹ್ಯಾಂಡಲ್ ಎತ್ತಿದ್ರೆ ಇಳಿಜಾರಲ್ಲಿ ಕೈಗೇ ಕಿತ್ಕೊಂಡು ಬತ್ತದೆ."

"ಯಾರೋ ಅಂದ್ರೆ?" ಅಪ್ಪನ ದನಿ ಬದಲಾಯಿತು. "ನಿನ್ನ ಬಿಟ್ಟು ಈ ಸೈಕಲ್ ಯಾರು ಮುಟ್ಟವ್ರೆ?"

"ಅದೇ ನಂಗೂ ಗೊತ್ತಾಗ್ತಿಲ್ಲ. ಇದು ನಾನು ಗ್ರೀಸ್ ಹಾಕಿದ ಫೋರ್ಕೇ ಅಲ್ಲ ಕಣಣ್ಣ."

ಆ ಮಾತು ಅನುಮಾನದ ಬೆಂಕಿಗೆ ಎಣ್ಣೆ ಸುರಿದಂತಾಯಿತು. ನಾನೂ ಕೊಳವೆಯ ಬಾಯಿಯನ್ನು ನೋಡಿದೆ. ಕುಯ್ದ ಅಂಚು ತುಕ್ಕು ಹಿಡಿಯದೆ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಫೋರ್ಕಿನ ಕಪ್ಪು ಬಣ್ಣವೂ ಉಳಿದ ಸೈಕಲ್ಲಿಗಿಂತ ಹೊಸದು. ಒಳ್ಳೆಯ ಫೋರ್ಕು ತೆಗೆದುಕೊಂಡು ಹಳೆಯದಕ್ಕೆ ಬಣ್ಣ ಬಳಿದು ಹಾಕಿದ್ದಾರೆ! ನನ್ನ ತಲೆಯಲ್ಲಿ ಎಲ್ಲವೂ ಪಟಪಟನೆ ಜೋಡಿಕೊಂಡಿತು. ಓವರಾಯಿಲ್ ಆದ ದಿನ ಸೈಕಲ್ ತರಲು ನಾನೂ ಅಪ್ಪನ ಜೊತೆ ಬಂದಿದ್ದೆ. ಆಗ ಮಾವ ಒಂದು ಮೂಲೆಯಲ್ಲಿ ಕೂತು ಗರಗಸದಿಂದ ಏನೋ ಕಬ್ಬಿಣ ಕುಯ್ಯುತ್ತಿದ್ದರು. ಆ ಕಿರ್ರೆಂಬ ಸದ್ದಿಗೆ ನನ್ನ ಹಲ್ಲು ಜುಂ ಎಂದಿತ್ತು.

"ಅಪ್ಪ, ಅವತ್ತು ಮಾವ ಗರಗಸದಲ್ಲಿ ಕುಯ್ತಿದ್ರು. ನಾನೇ ನೋಡಿದೀನಿ. ನಮ್ ಸೈಕಲ್ದೇ."

ಕೊನೆಯ ಮಾತು ಹೇಗೆ ಬಂತೋ ತಿಳಿಯದು. ನಾನು ಅದನ್ನು ನೋಡಿರಲಿಲ್ಲ.

"ಅವತ್ತು ಕುಯ್ದಿದ್ದು ಬೇರೆ ಗಾಡಿ ಸ್ಟ್ಯಾಂಡಿನ ಕಾಲು ಕಣೋ ಮಗ" ಎಂದರು ಮಾವ. ಆದರೆ ಅಪ್ಪ ಆಗಲೇ ಎದ್ದಿದ್ದರು. "ಹತ್ತು ವರ್ಷದಿಂದ ನಂಬಿದ್ನಲ್ಲಯ್ಯ ನಿನ್ನ!" ಎಂದದ್ದು ಎದುರಿನ ಹೋಟೆಲಿನವರೆಗೂ ಕೇಳಿಸಿತು. ದೋಸೆ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಾವ ಬಿಚ್ಚಿದ್ದನ್ನೆಲ್ಲ ಮೊದಲಿದ್ದ ಹಾಗೇ ಜೋಡಿಸಿ, ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು, ಸೈಕಲ್ಲನ್ನು ರಸ್ತೆಗೆ ತಂದು ನಿಲ್ಲಿಸಿದರು.

ಮನೆಗೆ ಬಂದವರೇ ಅಪ್ಪ, ಅಮ್ಮನ ಮುಂದೆ ಎಲ್ಲವನ್ನೂ ಹೇಳಿದರು. "ನಾಳೆ ಇಡೀ ಬೀದಿಗೆ ಹೇಳ್ತೀನಿ, ಯಾರೂ ಅವ್ನ ಅಂಗ್ಡಿಗೆ ಕಾಲಿಡಬಾರ್ದು" ಎಂದರು. ಅಕ್ಕ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಕೋಲಿನ ಸದ್ದು ತಟ್ಟನೆ ನಿಂತಿತು. ನಾನು ಇಣುಕಿದೆ. ಪಾತ್ರೆಯಿಂದ ಬಿಸಿ ಆವಿ ಏಳುತ್ತಿತ್ತು. ಅಕ್ಕ ಕೋಲು ಹಿಡಿದು ನಿಂತಿದ್ದಳು. ಅವಳ ಕಣ್ಣಲ್ಲಿ ನೀರು. ಒಲೆಯ ಹೊಗೆಗೆ ಬಂದ ನೀರಲ್ಲ ಎಂದು ನನಗೆ ಅನುಮಾನ.

"ಅಪ್ಪ, ಮಾವ ಅಲ್ಲ. ನಾನು" ಎಂದಳು.

ಹಿಂದಿನ ತಿಂಗಳು ಅಪ್ಪ, ಅಮ್ಮ, ನಾನು ಮೂವರೂ ಕುಣಿಗಲ್ಲಿಗೆ ಮದುವೆಗೆ ಹೋಗಿದ್ದೆವು. ಪರೀಕ್ಷೆಯಿದೆ ಎಂದು ಅಕ್ಕ ಅಜ್ಜಿಯ ಜೊತೆ ಮನೆಯಲ್ಲೇ ಉಳಿದಿದ್ದಳು. ಅವಳಿಗೆ ಸೈಕಲ್ ಕಲಿಯುವ ಆಸೆ. ಅಪ್ಪ ಮುಟ್ಟಲು ಬಿಟ್ಟಿರಲಿಲ್ಲ. ಆ ದಿನ ಗೆಳತಿಯ ಜೊತೆ ಕೆರೆ ಏರಿಗೆ ತಳ್ಳಿಕೊಂಡು ಹೋಗಿ, ಹತ್ತಿ, ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಕಲ್ಲಿಗೆ ಗುದ್ದಿದ್ದಳು. ಫೋರ್ಕು ಬಾಗಿಹೋಯಿತು. ಗೆಳತಿಯ ಅಣ್ಣ ಗುಜರಿಯಲ್ಲಿದ್ದ ಒಂದು ಹಳೆಯ ಫೋರ್ಕು ತಂದ. ಅದರ ಕೊಳವೆ ಉದ್ದವಾಯಿತೆಂದು ಗರಗಸ ಹಾಕಿ, ಅಳತೆಗಿಂತ ಹೆಚ್ಚೇ ಕುಯ್ದುಬಿಟ್ಟ. ಮೇಲೆ ಕಪ್ಪು ಬಣ್ಣ ಬಳಿದು ಸೈಕಲ್ಲಿಗೆ ಕೂರಿಸಿದ. ನಾವು ಊರಿಂದ ಬರುವ ಹೊತ್ತಿಗೆ ಸೈಕಲ್ ಗೋಡೆಗೆ ಒರಗಿ ನಿಂತಿತ್ತು.

ಅಪ್ಪ ಅವಳನ್ನು ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ನನ್ನ ಕಡೆ ತಿರುಗಿ, "ನೀನು ನಿಜ್ವಾಗ್ಲೂ ನೋಡಿದ್ಯೇನ್ಲಾ?" ಎಂದರು. "ಗರಗಸ ನೋಡ್ದೆ" ಎಂದೆ. "ನಮ್ ಸೈಕಲ್ಲು?" ನಾನು ತಲೆಯಾಡಿಸಿದೆ, ಇಲ್ಲವೆಂದು.

ಊಟ ಯಾರಿಗೂ ಸೇರಲಿಲ್ಲ. ಸಂಜೆ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಮತ್ತೆ ಶಾಪಿಗೆ ಹೋದರು. ಹೋಟೆಲಿನ ಮುಂದೆ ಬೆಳಿಗ್ಗೆಗಿಂತ ಹೆಚ್ಚು ಜನ. ಅಷ್ಟು ಜನರ ಎದುರಿಗೇ ಅಪ್ಪ, "ತಪ್ಪಾಯ್ತು ಕಣಯ್ಯ" ಎಂದರು. ಅಕ್ಕ ಅಳುತ್ತಲೇ ನಡೆದದ್ದು ಹೇಳಿದಳು. ನಾನೂ ಹೇಳಬೇಕಾಯಿತು. ನನ್ನ ಕಿವಿ ಕಾದ ಕಾವಲಿಯಂತೆ ಬಿಸಿಯಾಗಿತ್ತು.

ಮಾವ ನನ್ನ ತಲೆ ಸವರಿದರು, ಅಕ್ಕನಿಗೆ "ಅಳಬೇಡ ತಾಯಿ" ಎಂದರು. ಆಮೇಲೆ ಅಪ್ಪನಿಗೆ ಮೆಲ್ಲಗೆ ಹೇಳಿದರು: "ಅನುಮಾನ ಬರೋದು ತಪ್ಪಲ್ಲ. ನೀವು ನನ್ ಮಾತು ಕೇಳ್ಬೇಕಿತ್ತು. ಕೇಳ್ಲೇ ಇಲ್ಲ, ತೀರ್ಮಾನ ಹೇಳ್ಬುಟ್ರಿ."

ಮರುದಿನವೇ ಅವರು ಲೇತ್ ಅಂಗಡಿಯಲ್ಲಿ ಉದ್ದನೆಯ ಹೊಸ ಕಂಬ ಮಾಡಿಸಿ ತಂದರು. ಅದು ಗಿಡ್ಡ ಕೊಳವೆಯೊಳಗೂ ಆಳಕ್ಕೆ ಇಳಿದು ಭದ್ರವಾಗಿ ಕೂತಿತು. ನಟ್ಟಿನ ಕೆಳಗಿದ್ದ, ಲಾಂದ್ರ ಸಿಕ್ಕಿಸುವ ತಗಡನ್ನು ತೆಗೆದದ್ದರಿಂದ ನಟ್ಟಿಗೂ ಸಾಕಷ್ಟು ಥ್ರೆಡ್ ಸಿಕ್ಕಿತು. ಬ್ರೇಕಿನ ಸರಳುಗಳನ್ನೂ ಉದ್ದ ಮಾಡಿಕೊಟ್ಟರು. ಹ್ಯಾಂಡಲ್ ಒಂದು ಗೇಣು ಮೇಲೆದ್ದಿತು. ಅಪ್ಪ ನೆಟ್ಟಗೆ ಕೂತು, ಮದುವೆಯ ಗಂಡಿನಂತೆ ಸೈಕಲ್ ತುಳಿದು ಹೋದದ್ದನ್ನು ಇಡೀ ಬೀದಿ ನೋಡಿತು. ನೋವು ನಿಧಾನವಾಗಿ ಇಳಿಯಿತು. ಆ ಸೈಕಲ್ಲಿನಲ್ಲೇ ಅಪ್ಪ ರಿಟೈರ್ ಆಗುವವರೆಗೂ ಕಾಗದ ಹಂಚಿದರು.

ಆದರೆ ಅಂದಿನಿಂದ ಮಾವ ಒಂದು ಹೊಸ ಕ್ರಮ ಇಟ್ಟುಕೊಂಡರು. ಅಪ್ಪನ ಸೈಕಲ್ಲಿನ ಯಾವ ಭಾಗ ಬಿಚ್ಚಿದರೂ ಒಂದು ಗೋಣಿಚೀಲ ಹಾಸಿ, ನಟ್ಟು ಬೋಲ್ಟು ಎಲ್ಲವನ್ನೂ ಸಾಲಾಗಿ ಜೋಡಿಸಿ, "ನೋಡ್ಕೊಳಿ ಸಾರ್" ಎನ್ನುತ್ತಿದ್ದರು. ಟೀ ಮತ್ತೆ ಹಂಚಿಕೊಂಡರು, ಮಾತೂ ನಡೆಯಿತು. ಆದರೆ 'ಅಣ್ಣ' ಎಂಬ ಮಾತು ತಿರುಗಿ ಬರಲಿಲ್ಲ.

ಮಕ್ಕಳೇ, ನಿಮ್ಮ ಸೈಕಲ್ಲುಗಳು ಡಬ್ಬದಲ್ಲಿ ಬರುತ್ತವೆ. ಸೀಟು ಬೇಕಾದಷ್ಟು ಎತ್ತರಿಸಲು ಒಂದು ಚಿಕ್ಕ ಹಿಡಿ ಸಾಕು. ರಿಪೇರಿ ಮಾಡುವವನು ಒಳ್ಳೆಯವನೋ ಅಲ್ಲವೋ ಎಂದು ಮೊಬೈಲಿನಲ್ಲೇ ನೋಡುತ್ತೀರಿ. ಏನಾದರೂ ಕಾಣೆಯಾದರೆ ಗೇಟಿನ ಕ್ಯಾಮೆರಾ ನೋಡೋಣ ಎನ್ನುತ್ತೀರಿ. ಅದು ಕಂಡಷ್ಟನ್ನೇ ತೋರಿಸುತ್ತದೆ. ನಮ್ಮ ಬೀದಿಯಲ್ಲಿ ಕ್ಯಾಮೆರಾ ಇರಲಿಲ್ಲ. ನಾನಿದ್ದೆ. ನಾನು ನೋಡಿದ್ದು ಅರ್ಧ, ಹೇಳಿದ್ದು ಪೂರ್ತಿ.